ಕಲ್ಲು ತೂಗಿದ ಎತ್ತರ

‘ಉಸಿರು ಬಿಡಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ವಿಠ್ಠಲನಿಗೆ ಮೈಯೆಲ್ಲ ಉರಿಯುತ್ತಿತ್ತು. ಐವತ್ತೊಂದು ವರ್ಷ ಯಾರೂ ಹೇಳದೆಯೇ ಬಿಟ್ಟ ಉಸಿರು. ಈಗ ಅದನ್ನು ಬಿಡುವುದಕ್ಕೆ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಎದುರಿಗೆ ನಿಂತು ಬೆರಳು ಮಡಚಿ ಎಣಿಸಬೇಕು.

“ಮಾವ, ಶ್ವಾಸ ಬಂದ್ ಮಾಡಿದೆ ನೀನು. ಮತ್ತೆ ಬಂದ್ ಮಾಡಿದೆ,” ಎಂದಳು ನಿಕಿತಾ. “ಭುಜ ನೋಡು, ಕಿವಿ ಹತ್ರ ಹೋಗಿದೆ. ಕೆಳಗೆ ಬಿಡು.”

“ಬಿಟ್ಕಂಡೇ ನಿಂತಿದ್ದೆ.”

“ಇಲ್ಲ. ಬಿಟ್ಟಿಲ್ಲ.”

“ಹಂಗಾರೆ ನೀನೇ ಬಿಡ್ ನನ್ನ ಉಸ್ರ್!”

ಮಂಜಲ್‌ಪುರದ ನಾಲ್ಕಂತಸ್ತಿನ ಕಟ್ಟಡದ ತಾರಸಿ ಅದು. ಕೆಳಗೆ ಎರಡನೆಯ ಅಂತಸ್ತಿನಲ್ಲಿ ಹೆಂಡತಿಯ ಅಣ್ಣ ಗಿರಿಧರನ ಮನೆ. ವಿಮಾ ಕಚೇರಿಯ ವರ್ಗಾವಣೆಯಲ್ಲಿ ವಡೋದರಕ್ಕೆ ಬಂದ ಗಿರಿಧರ ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಉಳಿದಿದ್ದ. ಮಗಳು ನಿಕಿತಾ ಅಲ್ಲೇ ಹುಟ್ಟಿ, ಅಲ್ಲೇ ಓದಿ, ಫಿಸಿಯೋಥೆರಪಿಯವಳಾಗಿದ್ದಳು. ಅಪ್ಪ ಅಮ್ಮ ತನ್ನನ್ನು ಹೇಗೆ ಕರೆದರೋ ಅಷ್ಟೇ ಅವಳ ಕನ್ನಡ. ಹಾಗಾಗಿ ಜಗತ್ತಿನ ಎಲ್ಲರೂ ಅವಳಿಗೆ ‘ನೀನು’. ಮೊದಮೊದಲು ವಿಠ್ಠಲನಿಗೆ ಅದಕ್ಕೂ ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿಗೆ ಬೇರೆ ದೊಡ್ಡ ಕಾರಣಗಳಿದ್ದುದರಿಂದ ಇದನ್ನು ಬಿಟ್ಟುಬಿಟ್ಟಿದ್ದ.

ಐದು ತಿಂಗಳ ಹಿಂದಿನವರೆಗೆ ಅವನು ಸೂರತ್ತಿನ ಹೊರಗೆ ಸಚಿನ್ನಿನಲ್ಲಿ, ಬಾಲಚಂದ್ರನ ಹೋಟೆಲಿನಲ್ಲಿ ಇಡ್ಲಿ, ದೋಸೆ ಮಾಡಿಕೊಂಡಿದ್ದ. ಹತ್ತೊಂಬತ್ತು ವರ್ಷ ಒಂದೇ ಅಡುಗೆಮನೆ. ಸುತ್ತ ಬಟ್ಟೆಯ, ಬಣ್ಣದ, ರಸಾಯನದ ಕಾರ್ಖಾನೆಗಳು. ಏಳರ ಪಾಳಿಗೆ ಹೋಗುವವರಿಗೆ ಆರೂವರೆಗೆ ಇಡ್ಲಿ ಇಳಿಯಬೇಕು. ಪಾಳಿ ಮುಗಿಸಿ ಬರುವವರಿಗೆ ಏಳೂಕಾಲಿಗೆ ಇನ್ನೊಂದು ಸುತ್ತು. ಅದಕ್ಕೆ ಉಗಿ ಕೊಡಲು ಒಂದು ಹಳೆಯ ಬಾಯ್ಲರು. ಚೈತ್ರದ ಒಂದು ಬೆಳಿಗ್ಗೆ ಅದು ಒಡೆಯಿತು. ಸಾಂಬಾರಿನ ಒಲೆ ನೋಡುತ್ತಿದ್ದ ಕಿಶೋರ್, ಊರಿನ ಕಡೆಯ ವಂಡ್ಸೆಯವನು, ಹನ್ನೊಂದು ವರ್ಷ ವಿಠ್ಠಲನ ಪಕ್ಕದಲ್ಲೇ ನಿಂತು ದುಡಿದವನು, ನಿಂತಲ್ಲೇ ಹೋದ. ವಿಠ್ಠಲನ ಬಲಗೈ ಬಲಭುಜ ಬೆಂದವು.

ಚರ್ಮ ಕಸಿ ಮಾಡಿದರು. ಚರ್ಮ ಹಿಡಿಯಿತು. ಗಿರಿಧರ ತಂಗಿಯನ್ನೂ ಅವನನ್ನೂ ತನ್ನ ಮನೆಗೆ ಕರೆತಂದ. ಆದರೆ ಮೈ ಮಾತ್ರ ಆ ಬೆಳಿಗ್ಗೆಯಲ್ಲೇ ನಿಂತುಹೋಗಿತ್ತು. ಪಕ್ಕದ ಮನೆಯ ಕುಕ್ಕರು ಕೂಗಿದರೆ ಬೆನ್ನು ಗೋಡೆಗೆ ಅಂಟುತ್ತಿತ್ತು. ಬಸ್ಸಿನ ಬಾಗಿಲು ‘ಪುಸ್ಸ್’ ಎಂದರೆ ಬೆವರು. ನೊಗ ಇಳಿಸಿದ ಮೇಲೂ ಕತ್ತು ತಗ್ಗಿಸಿಕೊಂಡೇ ನಿಲ್ಲುವ ಹೋರಿಯ ಹಾಗೆ ಅವನು ಮನೆಯೊಳಗೆ ಓಡಾಡುತ್ತಿದ್ದ. ಹಲ್ಲು ಕಚ್ಚಿ ಕಚ್ಚಿ ಒಂದು ದವಡೆಹಲ್ಲು ಸೀಳಿತ್ತು. ಗುರುವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಅದಿತಿಬೆನ್ ಹತ್ತಿರ ಹೋಗುತ್ತಿದ್ದ. ಮುಕ್ಕಾಲು ಗಂಟೆ ಕೂತು ಅವರ ಮೇಜಿನ ಮೇಲಿನ ಗಿಡ ನೋಡಿ ಬರುತ್ತಿದ್ದ. ಉಳಿದ ದಿನ ಬೆಳಿಗ್ಗೆ ನಿಕಿತಾ.

“ಅದಿತಿಬೆನ್ ತಲೆ ಕಡೆಯಿಂದ ಬರ್ತಾರೆ, ನಾನು ಮೈ ಕಡೆಯಿಂದ ಬರ್ತೇನೆ,” ಎಂದಿದ್ದಳು ಅವಳು ಮೊದಲ ದಿನ. “ನಡುವೆ ಎಲ್ಲೋ ನೀನು ಸಿಗ್ತಿ.”

“ಸಿಕ್ರೆ ನಂಗೂ ಹೇಳ್,” ಎಂದಿದ್ದ ವಿಠ್ಠಲ.

ಉಸಿರಿಗಾಗಿ ಜಗಳವಾದ ಆ ದಿನ ತಾರಸಿಯಿಂದ ಇಳಿದು ಬರುವಷ್ಟರಲ್ಲಿ ಹೆಂಡತಿ ಪಾರ್ವತಿ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು. “ಬಾಲಚಂದ್ರಣ್ಣ,” ಎಂದಳು, ಧ್ವನಿ ತಗ್ಗಿಸಿ.

“ಹ್ವಾಯ್ ವಿಠ್ಠಲಣ್ಣ, ಹೆಂಗಿದ್ರಿ? ಕಾಫಿ ಆಯ್ತಾ?” ಬಾಲಚಂದ್ರನ ಧ್ವನಿ ಬೆಣ್ಣೆ ಸವರಿದಂತಿತ್ತು. “ನೋಟಿಸ್ ಬಂತಲ್ದಾ ನಿಮ್ಗೂ? ಅದ್ಕೆಲ್ಲ ತಲೆಬಿಸಿ ಮಾಡ್ಕಂಬುದ್ ಬ್ಯಾಡ. ನಿಮ್ಗೆ ಬಪ್ಪುಕೆ ಆತಿಲ್ಲ ಅಂದ್ಹೇಳಿ ನಾನೇ ಹೇಳ್ತೆ. ನಿಮ್ಮ್ ಮನಿ ಹೆಣ್ಣೇ ಡಾಕ್ಟ್ರ್ ಅಲ್ದಾ, ಒಂದ್ ಚೀಟಿ ಬರ್ಸಿ ಕಳ್ಸಿ. ಮನ್ಸ್ ಸರಿ ಇಲ್ಲೆ, ಕೈ ಏಳುದಿಲ್ಲ. ಅಷ್ಟ್ ಸಾಕ್.”

ನೋಟಿಸು ಬಂದು ಎರಡು ದಿನವಾಗಿತ್ತು. ಮುಂದಿನ ತಿಂಗಳ ಹದಿನೆಂಟಕ್ಕೆ ಅಹಮದಾಬಾದಿನಿಂದ ಬಾಯ್ಲರ್ ತನಿಖೆಯ ಅಧಿಕಾರಿ ಬರುತ್ತಾರೆ. ಅಂದು ಅಡುಗೆಮನೆಯಲ್ಲಿದ್ದವರು ಅದೇ ಅಡುಗೆಮನೆಯಲ್ಲಿ ನಿಂತು ಎಲ್ಲಿ ಏನಿತ್ತು, ಯಾರು ಏನು ಮಾಡಿದರು ಎಂದು ತೋರಿಸಬೇಕು. ಬದುಕಿ ಉಳಿದವರಲ್ಲಿ ಒಳಗಿದ್ದವನು ವಿಠ್ಠಲ ಒಬ್ಬನೇ.

“ನೀವ್ ಎಂತ ಹೇಳ್ತ್ರಿ ಅಲ್ಲಿ?” ಎಂದ ವಿಠ್ಠಲ.

“ಎಂತ ಹೇಳುದ್? ಇದ್ದದ್ದೇ. ಕಿಶೋರ್ ಆ ಕಲ್ಲ್ ತೂಗ್ಸಿದ. ನಾ ಕಾಣ್ಲಿಲ್ಲ, ನಂಗ್ ಗೊತ್ತಿಲ್ಲ. ಪಾಪ, ಹೋದವ. ಅವ್ನಿಗೆ ಇನ್ನ್ ಎಂತ ತೊಂದ್ರೆ ಹೇಳಿ? ಇದ್ದವ್ರ್ ಬದ್ಕುದ್ ಬ್ಯಾಡ್ದಾ?”

ಫೋನು ಸೋಫಾದ ಮೇಲೆ ಬಿತ್ತು, ವಿಠ್ಠಲನೇ ಎಸೆದದ್ದು. ಅದರೊಳಗಿಂದ ಬಾಲಚಂದ್ರ ಇನ್ನೂ ‘ಹಲೋ, ಹಲೋ’ ಎನ್ನುತ್ತಿದ್ದ.

ಕಲ್ಲಿನ ಕತೆ ಆ ಹೋಟೆಲಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬಾಯ್ಲರಿನ ಮೇಲೆ ಒಂದು ಸೇಫ್ಟಿ ವಾಲ್ವು. ಉಗಿ ಹೆಚ್ಚಾದರೆ ಅದು ತಾನೇ ಎದ್ದು ಉಗಿಯನ್ನು ಹೊರಗೆ ಬಿಡಬೇಕು. ಹಳೆಯದಾಗಿ ಅದು ಬೇಗ ಬೇಗ ಏಳುತ್ತಿತ್ತು, ಉಗಿ ಹೋಗುತ್ತಿತ್ತು, ಇಡ್ಲಿ ತಡವಾಗುತ್ತಿತ್ತು. ಹೊಸ ವಾಲ್ವು ಹಾಕಿಸುವ ಬದಲು ಮೂರು ವರ್ಷದ ಹಿಂದೆ ಬಾಲಚಂದ್ರ ಮೂಲೆಯಲ್ಲಿದ್ದ ಗ್ರೈಂಡರಿನ ಕಲ್ಲು ತಂದ. ಅವನ ಅಪ್ಪ ಹೋಟೆಲು ತೆರೆದಾಗಿನ ಮೊದಲ ಗ್ರೈಂಡರು. ಯಂತ್ರ ಗುಜರಿಗೆ ಹೋದರೂ ಕಲ್ಲನ್ನು ಎಸೆದಿರಲಿಲ್ಲ, ಎಸೆಯುವ ಪದ್ಧತಿಯೂ ಇರಲಿಲ್ಲ. ಅದರ ನಡುವಿನ ತೂತಿಗೆ ತಂತಿ ಪೋಣಿಸಿ, ಕೊಕ್ಕೆ ಮಾಡಿ, ವಾಲ್ವಿನ ಹಿಡಿಗೆ ತೂಗಿಸಿದ. ರಾತ್ರಿ ಇಳಿಸಿಟ್ಟದ್ದನ್ನು ಬೆಳಿಗ್ಗೆ ಮತ್ತೆ ತೂಗಿಸಬೇಕು. ಅಂದಿನಿಂದ ದಿನಾ ಬೆಳಿಗ್ಗೆ ಕ್ಯಾಶ್ ಕೌಂಟರಿನಿಂದ ಒಂದು ಕೂಗು ಬರುತ್ತಿತ್ತು: “ಕಲ್ಲ್ ಹಾಕಿದ್ರ್ಯಾ?”

ಈಗ ಗೊತ್ತಿಲ್ಲವಂತೆ!

“ಸತ್ತವ್ನ ಮೇಲ್ ಹಾಕ್ತ!” ವಿಠ್ಠಲ ಕೂಗಿದ. “ಬಾಯಿ ಇಲ್ದವ್ನ ಮೇಲ್ ಹಾಕ್ತ!”

“ಮೆಲ್ಲ ಹ್ವಾಯ್, ಅಕ್ಕಪಕ್ಕದವ್ರಿಗೆ ಕೇಂತ್,” ಎಂದಳು ಪಾರ್ವತಿ. “ಹಾಕ್ಲಿ. ನೀವ್ ಚೀಟಿ ಬರ್ಸಿ. ಕುಕ್ಕರ್ ಕೂಗ್ರೆ ಗೋಡಿಗೆ ಅಂಟ್ಕಂಬವ್ರ್ ನೀವ್, ಆ ಅಡ್ಗಿಮನಿಯಂಗೆ ಹೆಂಗ್ ನಿಂತ್ಕಂತ್ರಿ? ನಂಗೆ ನೀವೊಬ್ರ್ ಉಳ್ದದ್ದೇ ಸಾಕ್.”

ನಿಕಿತಾ ಬಾಗಿಲಿಗೆ ಒರಗಿ ಎಲ್ಲ ಕೇಳಿದಳು. “ಬರೀತೇನೆ ಅತ್ತೆ. ಸುಳ್ಳಲ್ಲ ಅದು. ಇವತ್ತು ಮಾವ ಅಲ್ಲಿ ನಿಲ್ಲಲ್ಲ, ಅದು ನಿಜ. ಆದ್ರೆ ಇನ್ನೂ ಇಪ್ಪತ್ತಾರು ದಿವಸ ಇದೆ. ಚಿಟ್ಠಿ ಲಾಸ್ಟ್ ದಿನ ಬರೀತೇನೆ.” ಆಮೇಲೆ ಮಾವನ ಕಡೆ ತಿರುಗಿ, “ಬೇಕಾ ಬೇಡ್ವಾ, ಆವತ್ತು ನೀನೇ ಹೇಳು,” ಎಂದಳು.

ಮರುದಿನದಿಂದ ಅವಳು ತಾರಸಿಯ ನೀರಿನ ಟ್ಯಾಂಕಿನ ಗೋಡೆಗೆ ಸೀಮೆಸುಣ್ಣ ಹಿಡಿದು ನಿಂತಳು. ಗೋಡೆಗೆ ಮುಖ ಮಾಡಿ ವಿಠ್ಠಲ ಬಲಗೈಯ ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಅವಳು ಒಂದು ಗೆರೆ ಎಳೆಯುತ್ತಾಳೆ. ನಾಲ್ಕು ದಿನ ಎಳೆದಳು. ನಾಲ್ಕು ಗೆರೆಯೂ ಒಂದರ ಮೇಲೊಂದು ಬಿದ್ದು ದಪ್ಪದ ಒಂದೇ ಗೆರೆಯಾಯಿತು: ಅವನ ಹಣೆಗಿಂತ ಒಂದು ಗೇಣು ಮೇಲೆ. ಅಲ್ಲಿಗೆ ಬಂದರೆ ಸಾಕು, ಭುಜ ಬಿಗಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು.

“ಚರ್ಮ ಎಳಿತ್ತ್,” ಎಂದ ವಿಠ್ಠಲ.

“ಎಳೆಯಲ್ಲ. ನಿನ್ನೆ ಕ್ಲಿನಿಕ್‌ನಲ್ಲಿ ಮಲಗಿದ್ದಾಗ ಇಡ್ಲಿಗೆ ಉದ್ದು ಎಷ್ಟು ಅಂತ ಕೇಳಿದೆ. ನೀನು ಹೇಳ್ತಾ ಇದ್ದೆ, ನಾನು ಕೈ ಎತ್ತಿದೆ. ಪೂರಾ ಹೋಯ್ತು, ಕಿವಿವರೆಗೆ. ನಿಂಗೆ ಗೊತ್ತೇ ಆಗ್ಲಿಲ್ಲ.” ಅವಳು ಗೆರೆಯನ್ನು ತಟ್ಟಿದಳು. “ಎಕ್ಸ್‌ರೇ ಸರಿ ಇದೆ, ಜಾಯಿಂಟ್ ಸರಿ ಇದೆ. ನಿಂತಾಗ ಮಾತ್ರ ಇಲ್ಲಿ ನಿಲ್ತದೆ. ಮಾವ, ಈ ಎತ್ತರದಲ್ಲಿ ಏನಿದೆ?”

ವಿಠ್ಠಲ ಆ ಗೆರೆಯನ್ನು ನೋಡಿದ. ಅವನಿಗೆ ಗೊತ್ತಿತ್ತು.

“ನಿನ್ನ್ ಕೆಲ್ಸ ಕೈ ಎತ್ಸುದ್. ಪ್ರಶ್ನೆ ಕೇಂಬುದಲ್ಲ!” ಎಂದವನು ಗೋಡೆಗೆ ಬೆನ್ನು ಹಾಕಿದ. “ಐದ್ ತಿಂಗ್ಳಿಂದ ಉಸ್ರ್ ಬಿಡ್, ಭುಜ ಬಿಡ್, ಬಿಡ್, ಬಿಡ್! ಅವ ಅಲ್ಲಿ ಹೋಟ್ಲಿಗೆ ಬಣ್ಣ ಬಳ್ಸಿ ಗಲ್ಲಾಪೆಟ್ಟಿಗೆ ಹಿಂದ್ ಕೂತಿದ್ದ. ನಾ ಇಲ್ಲಿ ಗೋಡಿ ಮೇಲ್ ಬೆರ್ಳ್ ಓಡ್ಸುದ್. ಶಾಂತ ಆಯ್ಕ್ ಅಂಬ್ರ್ ಎಲ್ಲ! ನಂಗ್ ಶಾಂತ ಆಪುದ್ ಬ್ಯಾಡ!”

“ಶಾಂತ ಆಗು ಅಂತ ನಾನು ಯಾವಾಗ ಹೇಳಿದೆ?” ನಿಕಿತಾಳ ಧ್ವನಿಯೂ ಏರಿತು. “ಒಂದು ಸಲ ಹೇಳಿದ್ರೆ ತೋರಿಸು! ಗುಸ್ಸಾ ಇರ್ಲಿ. ನಂಗೂ ಇದೆ. ಆ ಅಂಕಲ್ ಫೋನ್ ಕೇಳಿ ನಂಗೂ ರಾತ್ರಿ ಊಟ ಸೇರ್ಲಿಲ್ಲ. ಆದ್ರೆ ನೀನು ಅದನ್ನ ಎಲ್ಲಿ ಇಟ್ಟಿದ್ದೀ? ಇಲ್ಲಿ,” ಎಂದು ಅವನ ಭುಜಕ್ಕೆ ಬೆರಳಿನಿಂದ ಕುಟ್ಟಿದಳು. “ಇಲ್ಲಿ ಇಟ್ಟು ಇಟ್ಟು ಕೊಳೀತಾ ಇದೆ. ಬಾಯಿಗೂ ಬರಲ್ಲ, ಕೈಗೂ ಬರಲ್ಲ.”

ತಂತಿಯ ಮೇಲೆ ಪಾರ್ವತಿ ಹಿಂಡಿ ಹಾಕಿದ ಬೆಡ್‌ಶೀಟು ನೀರು ತೊಟ್ಟಿಕ್ಕುತ್ತಿತ್ತು.

“ಊರಲ್ಲಿ ಏನು ಕೆಲಸ ಮಾಡ್ತಿದ್ದೆ, ಹೋಟೆಲ್‌ಗೆ ಬರೋ ಮುಂಚೆ?” ಎಂದು ಕೇಳಿದಳು ನಿಕಿತಾ. “ಎರಡೂ ಕೈ ಮೇಲೆ ಹೋಗೋ ಕೆಲಸ?”

“ಭತ್ತ ಬಡಿಯುದ್.”

“ಹೇಗೆ? ತೋರಿಸು.”

ತೋರಿಸುವುದಕ್ಕೆ ಏನಿದೆ ಎಂದು ಬೈಯುತ್ತಲೇ ಅವನು ಆ ಒದ್ದೆ ಬೆಡ್‌ಶೀಟನ್ನು ಎಳೆದ. ನಾಲ್ಕು ಮಡಿಕೆ ಮಾಡಿ ಹುರಿಯಂತೆ ತಿರುಚಿದ. ಕೊಯ್ದ ಭತ್ತದ ಕಟ್ಟಿನಷ್ಟೇ, ಸೂಡಿಯಷ್ಟೇ ದಪ್ಪವಾಯಿತು. ಕೊಯ್ಲು ಮುಗಿದ ಮೇಲೆ ಅಂಗಳದಲ್ಲಿ ಹಡಿಮಂಚ ಇಟ್ಟು, ಅದರ ಅಡ್ಡಪಟ್ಟಿಗಳಿಗೆ ಸೂಡಿ ಬಡಿಯುವುದು. ಕಾಳೆಲ್ಲ ಕೆಳಗೆ ಉದುರುವವರೆಗೆ ಬಡಿಯುವುದು. ಹದಿನೇಳನೆಯ ವಯಸ್ಸಿನಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಿಲ್ಲದೆ ಬಡಿಯುತ್ತಿದ್ದ. ತಾರಸಿಯಲ್ಲಿ ಹಡಿಮಂಚವಿರಲಿಲ್ಲ, ಬಟ್ಟೆ ಒಗೆಯುವ ಸಿಮೆಂಟಿನ ಕಟ್ಟೆಯಿತ್ತು. ಕಾಲು ಅಗಲಿಸಿ ನಿಂತ. ಎಡಗೈ ಮುಂದೆ, ಬಲಗೈ ಹಿಂದೆ. ಎತ್ತಿ ಬಡಿದ.

ಬಡಿಯುವಾಗ ಬಾಯಿಂದ ‘ಹೂಂ’ ಎಂದು ಬಂತು. ಬರಲೇಬೇಕು; ಉಸಿರು ಹಿಡಿದು ಭತ್ತ ಬಡಿದವನು ಹತ್ತು ಪೆಟ್ಟಿಗೆ ಕುಕ್ಕರಿಸುತ್ತಾನೆ. ಇನ್ನೊಂದು ಪೆಟ್ಟು. ಹೂಂ. ನೀರು ನಾಲ್ಕೂ ಕಡೆ ಸಿಡಿಯಿತು. ಹತ್ತನೆಯ ಪೆಟ್ಟಿಗೆ ಅವನಿಗೆ ಕಟ್ಟೆ ಕಾಣಲಿಲ್ಲ, ಬಾಲಚಂದ್ರನ ಹೊಸ ಬಣ್ಣದ ಗೋಡೆ ಕಂಡಿತು. ಇಪ್ಪತ್ತನೆಯದಕ್ಕೆ ಅದೂ ಕಾಣಲಿಲ್ಲ.

ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಮುದುಕಿ ಇಣುಕಿದಳು. “ಶು ಕರೇ ಛೇ, ಬೇಟಾ?” ಏನು ಮಾಡುತ್ತಿದ್ದಾನೆ ಇವನು?

“ಕಪಡಾ ಧುವೇ ಛೇ, ಮಾಸಿ!” ಎಂದಳು ನಿಕಿತಾ. ಬಟ್ಟೆ ಒಗೀತಿದ್ದಾರೆ.

ಮುದುಕಿ ಬೆಡ್‌ಶೀಟಿನ ಗತಿ ನೋಡಿ, ತನ್ನ ಮನೆಯದನ್ನು ಇವನ ಕೈಗೆ ಕೊಡಲಾರೆನೆಂದು ಹೇಳಿ ಒಳಗೆ ಹೋದಳು.

ನಲವತ್ತರ ಹತ್ತಿರ ವಿಠ್ಠಲ ನಿಂತ. ಏದುಸಿರು. ಎಷ್ಟೋ ದಿನದ ಮೇಲೆ ಎದೆ ಪೂರ್ತಿ ತುಂಬಿ ಪೂರ್ತಿ ಖಾಲಿಯಾಗುತ್ತಿತ್ತು. ನಿಕಿತಾ ಏನೂ ಹೇಳದೆ ಗೋಡೆಯ ಹತ್ತಿರ ಹೋಗಿ, ಹಳೆಯ ಗೆರೆಗಿಂತ ಇನ್ನೊಂದು ಗೇಣು ಮೇಲೆ ಹೊಸ ಗೆರೆ ಎಳೆದಳು. “ಇಲ್ಲಿಗೆ ಹೋಗ್ತಿತ್ತು ನಿನ್ನ ಬಲಗೈ. ಪ್ರತೀ ಸಲ.”

ವಿಠ್ಠಲ ಕೆಳಗಿನ ದಪ್ಪ ಗೆರೆಯನ್ನೇ ನೋಡುತ್ತಾ ಒಗೆಯುವ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಅದೇ ವಾರ ತಾರಾಳ ಫೋನು ಬಂತು. ಕಿಶೋರನ ಹೆಂಡತಿ. ಊರಿನಿಂದ ಪಾರ್ವತಿಗೆ ಮಾಡಿದ್ದಳು. ಪಾರ್ವತಿ ಚಪಾತಿ ಲಟ್ಟಿಸುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದಳು.

“ಪಾರ್ವತಕ್ಕ, ಒಂದೇ ಮಾತ್ ಕೇಂಬುದ್,” ಎಂದಿತು ಆ ಧ್ವನಿ. “ನಮ್ಮ್ ಮನಿಯವ್ರೇ ಆ ಕಲ್ಲ್ ತೂಗ್ಸದ್ ಹೌದಾ? ಬಾಲಚಂದ್ರಣ್ಣ ಊರಿಗೆಲ್ಲ ಹಾಂಗೇ ಹೇಳಿರಂಬ್ರ್. ನಮ್ಮ್ ಮಗಳಿಗೆ ಶಾಲಿಯಂಗೆ ‘ನಿನ್ನಪ್ಪ ತಾನೇ ಮಾಡ್ಕಂಡ್ ಸತ್ತದ್’ ಅಂದ್ರ್. ವಿಠ್ಠಲಣ್ಣ ಅಲ್ಲೇ ಇದ್ದಿರಲ್ದಾ? ಅವ್ರತ್ರ ಒಂದ್ ಕೇಳಿ. ಅವ್ರ್ ಹೌದಂದ್ರೆ ನಾ ನಂಬ್ತೆ.”

ಪಾರ್ವತಿ ಗಂಡನ ಮುಖ ನೋಡಿದಳು. ವಿಠ್ಠಲ ಫೋನಿನ ಕಡೆ ಬಾಗಿದ. ಬಾಯಿ ತೆರೆದ. ಗಾಳಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಭುಜ ಕಿವಿಗೇರಿತು.

“ಹಲೋ? ಪಾರ್ವತಕ್ಕ? ಕೇಂತಿಲ್ಯಾ?” ಎಂದಳು ತಾರಾ. ಎರಡು ಸಲ ಕೇಳಿದಳು. ಲೈನು ಹೋಯಿತೆಂದುಕೊಂಡು ಇಟ್ಟುಬಿಟ್ಟಳು.

ತವೆಯ ಮೇಲಿನ ಚಪಾತಿ ಸುಟ್ಟು ಕರಿಯಾಯಿತು. ನಿಕಿತಾ ಬಂದು ಒಲೆ ಆರಿಸಿದಳು.

“ಹಾಕದ್ ನಾನ್,” ಎಂದ ವಿಠ್ಠಲ.

ಪಾರ್ವತಿ ಲಟ್ಟಣಿಗೆ ಹಿಡಿದೇ ಅವನ ಕಡೆ ತಿರುಗಿದಳು.

“ಆ ದಿವ್ಸ ಕಲ್ಲ್ ತೂಗ್ಸದ್ ನಾನ್. ಆ ದಿವ್ಸ ಅಲ್ಲ, ಮೂರ್ ವರ್ಷ, ದಿನಾ ಬೆಳಿಗ್ಗೆ. ಬಾಲಚಂದ್ರಣ್ಣ ಕೂಗ್ರ್, ‘ಕಲ್ಲ್ ಹಾಕಿದ್ರ್ಯಾ?’ ನಾ ‘ಹಾಕ್ದೆ’ ಅಂದೆ. ಹಾಕಿ ಹಿಟ್ಟಿನ ಪಾತ್ರೆ ತಕಂಡ್ ಬಪ್ಪುಕೆ ಆಚಿ ಕೋಣಿಗೆ ಹೋದೆ. ಕಿಶೋರ್ ಇಡ್ಲಿ ತಟ್ಟಿ ಎತ್ತುಕೆ ನನ್ನ ಜಾಗದಂಗೆ ಬಂದ್ ನಿಂತ. ನಾ ಬಾಗ್ಲಿಗೆ ಬಪ್ಪತ್ತಿಗೆ...” ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. “ನಿಕಿತಾ, ಆ ಎತ್ತರದಂಗೆ ಎಂತ ಇತ್ತ್ ಅಂತ ಕೇಂಡ್ಯಲ್ದಾ? ಕೊಕ್ಕೆ ಇತ್ತ್.”

ಪಾರ್ವತಿ ಲಟ್ಟಣಿಗೆಯನ್ನು ಹಲಗೆಗೆ ಕುಟ್ಟಿದಳು. “ಬಾಯಿ ಮುಚ್ಕಂಡ್ ಕೂತ್ಕಣಿ! ಯಾರ್ ಹತ್ರನೂ ಹೇಳುದ್ ಬ್ಯಾಡ. ಪೊಲೀಸ್ರ್ ಎಳ್ಕಂಡ್ ಹೋತ್ರ್. ಅವ್ರ್ ಹಾಕ್ ಅಂದ್ರ್, ನೀವ್ ಹಾಕ್ದಿರಿ. ಹಾಕುದಿಲ್ಲ ಅಂದಿದ್ರೆ ಮರುದಿನ ಕೆಲ್ಸ ಇರ್ತಿತ್ತಾ?”

“ಹಾಕುದಿಲ್ಲ ಅಂತ ಒಂದ್ ದಿನ ಹೇಳಿ ಕಾಣ್ಲಿಲ್ಲ ಪಾರ್ವತಿ ನಾನ್. ಒಂದೇ ಒಂದ್ ದಿನ. ಬಾಲಚಂದ್ರಣ್ಣನ ಮೇಲಿನ ಸಿಟ್ಟ್ ಅಂದ್ಕಂಡಿದ್ದೆ ಇದೆಲ್ಲ. ಅರ್ಧ ನನ್ನ ಮೇಲಿಂದೇ.”

ನಿಕಿತಾ ಬಂದು ಅವನ ಪಕ್ಕದಲ್ಲಿ ಕುಳಿತಳು. “ಇದು ಗುರುವಾರ ಅದಿತಿಬೆನ್‌ಗೆ ಹೇಳ್ತೀಯಾ?” ಎಂದಳು.

“ಹೇಳ್ತೆ. ಹದಿನೆಂಟಕ್ಕೆ ಅಲ್ಲೂ ಹೇಳ್ತೆ. ಆದ್ರೆ ಕಂಡ್ಯಲ್ದಾ ಈಗ? ಫೋನಂಗೇ ಬಾಯಿ ಕಟ್ತ್. ಅಲ್ಲಿ ಹೆಂಗೆ?”

“ಅದು ನನ್ನ ಕೆಲಸ,” ಎಂದಳು ನಿಕಿತಾ.

ಗುರುವಾರ ಅವನು ಗಿಡ ನೋಡುವುದನ್ನು ಬಿಟ್ಟು ಮಾತಾಡಿದ. ಅದಿತಿಬೆನ್ ಮತ್ತು ನಿಕಿತಾ ಕೂತು ಉಳಿದ ದಿನಗಳನ್ನು ಹಂಚಿದರು. ಕುಕ್ಕರನ್ನು ಕಂಡರೆ ಓಡುವುದಲ್ಲ, ಅದರ ಕಡೆಗೆ ಅಳತೆ ಇಟ್ಟು ನಡೆಯುವುದು. ಮೊದಲು ಮೆಟ್ಟಿಲಲ್ಲಿ ನಿಂತು ಸೀಟಿ ಕೇಳಬೇಕು. ನಾಲ್ಕು ದಿನದ ಮೇಲೆ ಹಾಲಿನಲ್ಲಿ. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ. ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ, ಬೆರಳು ಬಿಡಿಸಿ, ‘ಹೂಂ’ ಎಂದು ಉದ್ದಕ್ಕೆ ಉಸಿರು ಬಿಡುವುದು. “ಗದ್ದೆ ಕೆಸ್ರಂಗೆ ಕಾಲ್ ಊರ್ದ್ ಹಾಂಗೆ,” ಎಂದ ವಿಠ್ಠಲ. ಗದ್ದೆಯನ್ನೇ ಕಾಣದ ನಿಕಿತಾ, ಹೌದು ಹಾಗೇ ಎಂದಳು. ಬೆಳಿಗ್ಗೆ ನಲವತ್ತು ಪೆಟ್ಟು ಬೆಡ್‌ಶೀಟು. ಎರಡು ಬೆಡ್‌ಶೀಟು ಹರಿದವು. ಒಂದು ದಿನ ಹೊಸ್ತಿಲಲ್ಲಿ ಸೀಟಿ ಕೇಳಿ ವಾಂತಿ ಮಾಡಿಕೊಂಡ. ಮರುದಿನ ಮತ್ತೆ ಮೆಟ್ಟಿಲಿಂದ ಶುರು. ಪಾರ್ವತಿ ಅವನೊಂದಿಗೆ ಮಾತು ಬಿಟ್ಟಿದ್ದಳು. ಆದರೆ ದಿನಾ ಹೇಳಿದ ಹೊತ್ತಿಗೆ ಸರಿಯಾಗಿ, ಬೇಯಿಸುವುದಕ್ಕೆ ಏನೂ ಇಲ್ಲದಿದ್ದರೂ, ಕುಕ್ಕರಿಗೆ ನೀರು ಹಾಕಿ ಒಲೆಗೆ ಇಡುತ್ತಿದ್ದವಳು ಅವಳೇ.

ಹದಿನೆಂಟರಂದು ಮೂವರೂ ಬೆಳಗಿನ ರೈಲಿನಲ್ಲಿ ಸೂರತ್ತಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಸಚಿನ್ನಿಗೆ ಬಂದರು. ಬಣ್ಣದ ಕಾರ್ಖಾನೆಯ ಹುಳಿ ವಾಸನೆ ಮೂಗಿಗೆ ಬಡಿದಾಗಲೇ ವಿಠ್ಠಲ ಆಟೋದ ಸರಳನ್ನು ಬಿಗಿಯಾಗಿ ಹಿಡಿದ. ಹೋಟೆಲಿನ ಮುಂದೆ ನಿಕಿತಾ ತನ್ನ ಬ್ಯಾಗು ತಟ್ಟಿದಳು.

“ಚಿಟ್ಠಿ ಬರೆದಿದ್ದೇನೆ ಮಾವ. ಸೈನ್ ಆಗಿದೆ. ಬೇಕಾ?”

“ಬ್ಯಾಡ.”

ಅಡುಗೆಮನೆಗೆ ಹೊಸ ಬಿಳಿ ಬಣ್ಣ ಬಳಿದಿದ್ದರು. ಹಳೆಯ ಬಾಯ್ಲರು ಇದ್ದ ಜಾಗ ಖಾಲಿ. ಆದರೆ ಪಕ್ಕದಲ್ಲಿ ಹೊಸ ಇಡ್ಲಿ ಸ್ಟೀಮರು ಉರಿಯುತ್ತಿತ್ತು. ಹೋಟೆಲಿಗೆ ಆ ದಿನ ರಜೆ, ತಿನ್ನುವವರು ಯಾರೂ ಇಲ್ಲ. ಆದರೂ ಉರಿಯುತ್ತಿತ್ತು, ಸಣ್ಣಗೆ ‘ಸ್ಸ್’ ಎನ್ನುತ್ತಿತ್ತು. ಬಾಲಚಂದ್ರ ಅದರ ಮಗ್ಗುಲಲ್ಲಿ ಬಿಳಿ ಅಂಗಿ ಹಾಕಿ ನಿಂತಿದ್ದ. ಕನ್ನಡಕದ ಅಧಿಕಾರಿ ಮೇಜಿನ ಮೇಲೆ ಕಾಗದ ಹರಡಿಕೊಂಡಿದ್ದರು. ಅವರ ಮುಂದೆ ನಂಬರಿನ ಚೀಟಿ ಕಟ್ಟಿದ ಕಲ್ಲು, ಅದರ ತೂತಿನಲ್ಲಿ ಇನ್ನೂ ಆ ತಂತಿ.

“ಚಾ ಮಾಡುಕೆ ಇಟ್ಟದ್,” ಎಂದ ಬಾಲಚಂದ್ರ, ವಿಠ್ಠಲನ ಕಣ್ಣು ಸ್ಟೀಮರಿನ ಮೇಲಿರುವುದನ್ನು ನೋಡಿ.

ಹೊಸ್ತಿಲಲ್ಲಿ ವಿಠ್ಠಲನ ಉಸಿರು ನಿಂತಿತು. ಭುಜ ಏರಿತು. ಬಿಳಿ ಗೋಡೆಯ ಹಿಂದಿನಿಂದ ಕರಿಯ ಗೋಡೆ ಎದ್ದು ಬಂತು. ಅಧಿಕಾರಿ ಏನೋ ಕೇಳಿದರು, ಅವನಿಗೆ ಕೇಳಿಸಲಿಲ್ಲ. ಬಾಲಚಂದ್ರ ಮೆಲ್ಲಗೆ ಹಿಂದಿಯಲ್ಲಿ ಹೇಳುತ್ತಿದ್ದ: ಸಾಹೇಬರೆ, ಪಾಪದವನು, ಆ ದಿನದಿಂದ ತಲೆ ಸರಿಯಿಲ್ಲ, ಹೇಳಿದ್ದನ್ನೇನೂ ಬರೆದುಕೊಳ್ಳಬೇಡಿ.

ಹಿಮ್ಮಡಿ. ವಿಠ್ಠಲ ಹಿಮ್ಮಡಿಯನ್ನು ಹೊಸ ಟೈಲ್ಸಿಗೆ ಒತ್ತಿದ. ಒತ್ತಿ, ‘ಹೂಂ’ ಎಂದು ಬಿಟ್ಟ. ಇನ್ನೊಮ್ಮೆ. ಸೂಡಿ ಎತ್ತಿದಂತೆ, ಬಡಿದಂತೆ. ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

“ಮೊದ್ಲ್ ಆ ಸ್ಟೀಮರ್ ಬಂದ್ ಮಾಡಿ,” ಎಂದ ಅವನು ಬಾಲಚಂದ್ರನಿಗೆ. ಅಧಿಕಾರಿಯೂ ಕೈ ಬೀಸಿದರು. ಬಾಲಚಂದ್ರ ಬಗ್ಗಿ ಗ್ಯಾಸು ಆರಿಸಬೇಕಾಯಿತು.

ವಿಠ್ಠಲ ಖಾಲಿ ಜಾಗದ ಮುಂದೆ ಹೋಗಿ ನಿಂತು ಬಲಗೈ ಎತ್ತಿದ. ಹಣೆಗಿಂತ ಒಂದು ಗೇಣು ಮೇಲೆ. ಕೈ ಅಲ್ಲಿ ನಿಂತಿತು, ಇಳಿಯಲಿಲ್ಲ.

“ಇಲ್ಲಿ ಇತ್ತು ಕೊಕ್ಕೆ,” ಎಂದ, ತನ್ನ ಅಡುಗೆಮನೆಯ ಹಿಂದಿಯಲ್ಲಿ. “ಕಲ್ಲು ಹಾಕಿದ್ದು ಕಿಶೋರ್ ಅಲ್ಲ. ನಾನು. ಈ ಕೈ. ಇವರು ಹಾಕಲು ಹೇಳಿದರು, ನಾನು ಹಾಕಿದೆ. ಮೂರು ವರ್ಷ ದಿನಾ ಹಾಕಿದೆ.”

ಬಾಲಚಂದ್ರನ ಮುಖದಲ್ಲಿ ಒಂದು ಕ್ಷಣ ರಕ್ತ ಇಳಿಯಿತು, ಮರುಕ್ಷಣ ಏರಿತು. “ನೋಡಿದಿರಾ ಸಾಹೇಬರೆ? ಇವನೇ ಒಪ್ಪಿಕೊಂಡ! ಇವನೋ ಅವನೋ, ಅಡುಗೆಯವರು ಏನೋ ಮಾಡಿಕೊಂಡರು. ನಾನು ಕೌಂಟರಿನಲ್ಲಿ ಕೂರುವವನು. ಇಂಥ ಕಲ್ಲು ಅಲ್ಲಿ ತೂಗುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ!”

ಎರಡು ನಿಮಿಷದಲ್ಲಿ ಸತ್ತವನನ್ನು ಬಿಟ್ಟು ಬದುಕಿದವನನ್ನು ಹಿಡಿದ. ವಿಠ್ಠಲನ ಸಿಟ್ಟು ಈಗ ಭುಜದಲ್ಲಿರಲಿಲ್ಲ, ನಾಲಗೆಯಲ್ಲಿತ್ತು.

“ಸಾಹೇಬರೆ, ಆ ಕಲ್ಲಿನ ತೂತಿನೊಳಗೆ ಉಗುರು ಹಾಕಿ ನೋಡಿ. ತಂತಿ ಸುತ್ತಿದಲ್ಲಿ.”

ಅಧಿಕಾರಿ ಕಲ್ಲನ್ನು ಓರೆ ಮಾಡಿ ಪೆನ್ನಿನ ತುದಿಯಿಂದ ಕೆರೆದರು. ಎಣ್ಣೆಯ ಜಿಡ್ಡಿನಲ್ಲಿ ಮೆತ್ತಿದ ಕೆಂಪು ಹೆಪ್ಪು ಎದ್ದು ಬಂತು. “ಇದೇನು?”

“ಕುಂಕುಮ. ನಮ್ಮ ಹೋಟೆಲುಗಳಲ್ಲಿ ದಸರೆಯ ಆಯುಧಪೂಜೆಗೆ ಬಾಯ್ಲರು, ಗ್ರೈಂಡರು, ಚಾಕು, ಎಲ್ಲಕ್ಕೂ ಕುಂಕುಮ ಹಚ್ಚುತ್ತೇವೆ. ನಾವಲ್ಲ, ಯಜಮಾನರು. ಅಡುಗೆಯವರು ಹಚ್ಚುವ ಹಾಗಿಲ್ಲ. ಕೈಮುಗಿದು ಹಿಂದೆ ನಿಲ್ಲಬೇಕು. ಇವರು ಅಪ್ಪನ ಕಾಲದ ಕಲ್ಲು ಎಂದು ಇದಕ್ಕೆ ಎಲ್ಲಕ್ಕಿಂತ ಮೊದಲು ಹಚ್ಚುತ್ತಿದ್ದರು. ಕಲ್ಲು ಕೆಳಗಿದ್ದಾಗಲ್ಲ. ವಾಲ್ವಿಗೆ ತೂಗುತ್ತಿದ್ದಾಗ. ಅದಕ್ಕೇ ತಂತಿಯ ಮೇಲೂ ಇದೆ. ಮೂರು ದಸರೆಯ ಕುಂಕುಮ ಅದು. ಯಾವ ಹೋಟೆಲಿನವರನ್ನು ಬೇಕಾದರೂ ಕೇಳಿ, ಕುಂಕುಮ ಹಚ್ಚುವುದು ಯಾರೆಂದು.”

ಅಧಿಕಾರಿ ಬಾಲಚಂದ್ರನನ್ನು ನೋಡಿದರು. ಅವನಿಗೂ ಆ ಹೊತ್ತು ಉಸಿರು ಕಟ್ಟಿದ್ದನ್ನು ನಿಕಿತಾ ಗಮನಿಸಿದಳು.

“ವಿಠ್ಠಲಣ್ಣ,” ಎಂದ ಅವನು ಕಡೆಗೆ, ಕನ್ನಡದಲ್ಲಿ, ತಗ್ಗಿದ ಧ್ವನಿಯಲ್ಲಿ. “ಹತ್ತೊಂಬತ್ ವರ್ಷ ಅನ್ನ ಹಾಕಿದ್ದೆ ನಿಮ್ಗೆ.”

“ಆ ಅನ್ನ ಬೇಯ್ಸದ್ ನಾನ್!” ಎಂದು ವಿಠ್ಠಲ ಗುಡುಗಿದ. ಖಾಲಿ ಅಡುಗೆಮನೆಯ ಪಾತ್ರೆಗಳು ಅನುರಣಿಸಿದವು. “ನಾನ್, ಕಿಶೋರ್!”

ಅಧಿಕಾರಿ ಬರೆದು ಮುಗಿಸಿ ಕಾಗದ ಮುಂದೆ ತಳ್ಳಿದರು. ಸಹಿ ಮಾಡಿದರೆ ನಿಮ್ಮ ಮೇಲೂ ಕೇಸು ಆಗಬಹುದು, ಯೋಚಿಸಿ ಎಂದರು. ವಿಠ್ಠಲ ಪಾರ್ವತಿಯನ್ನು ನೋಡಿದ. ಅವಳು ಸೆರಗಿನ ತುದಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಆಮೇಲೆ ಬಂದು ಮೇಜಿನ ಮೇಲಿನ ಪೆನ್ನನ್ನು ಅವನ ಬಲಗೈಗೆ ಕೊಟ್ಟಳು.

ಹೊರಗೆ ರಸ್ತೆಯಲ್ಲಿ ಲಾರಿಗಳ ಗದ್ದಲ. ಹೋಟೆಲಿನೆದುರಿನ ಬೇವಿನ ಮರದ ಕೆಳಗೆ ನಿಂತು ವಿಠ್ಠಲ ತಾರಾಳಿಗೆ ಫೋನು ಮಾಡಿದ. ಅವಳು ಎತ್ತಿದಳು.

“ತಾರಾ, ನಾ ವಿಠ್ಠಲ. ಆ ಕಲ್ಲ್ ಹಾಕದ್ ಕಿಶೋರ್ ಅಲ್ಲ. ನಾನ್. ಬಾಲಚಂದ್ರಣ್ಣ ಹಾಕುಕೆ ಹೇಳ್ರ್. ಈಗ ಬರ್ದ್ ಕೊಟ್ಟ್ ಬಂದೆ.”

ಪಕ್ಕದಲ್ಲಿ ಯಾವುದೋ ಲಾರಿ ‘ಪುಸ್ಸ್’ ಎಂದು ನಿಂತಿತು. ವಿಠ್ಠಲನ ಮೈ ಬೆಚ್ಚಿತು, ಇಳಿಯಿತು.

“ಇಷ್ಟ್ ದಿನ ಎಲ್ಲಿ ಸತ್ತಿದ್ರಿ?” ಎಂದಳು ತಾರಾ. “ಐದಾರ್ ತಿಂಗ್ಳ್! ನನ್ನ ಮಗಳ್ ಅಪ್ಪನ ಫೋಟ ಗೋಡಿಯಿಂದ ತೆಗ್ದ್ ಇಟ್ಟಿತ್ತ್ ಗೊತ್ತಿತ್ತಾ ನಿಮ್ಗೆ? ಹನ್ನೊಂದ್ ವರ್ಷ ಒಂದೇ ಬಟ್ಲಂಗೆ ಉಂಡವ್ರ್ ನೀವ್! ಬಾಯಿ ಬಿದ್ದ್ ಹೋಯಿತ್ತಾ ನಿಮ್ಗೆ?” ಅವಳು ನಿಲ್ಲಿಸಲಿಲ್ಲ. ಬೈದಳು, ಅತ್ತಳು, ಮತ್ತೆ ಬೈದಳು. ಅವನ ಹೆಂಡತಿಯನ್ನು, ಅವನ ಹೊಟ್ಟೆಯನ್ನು, ಸುಟ್ಟರೂ ಸಾಯದ ಅವನ ಕೈಯನ್ನು ಬೈದಳು.

ನಿಕಿತಾ ಫೋನಿಗೆ ಕೈ ಚಾಚಿದಳು. ವಿಠ್ಠಲ ಬೇಡವೆಂದು ತಲೆಯಾಡಿಸಿದ. ಎರಡೂ ಹಿಮ್ಮಡಿಗಳನ್ನು ಮಣ್ಣಿಗೆ ಒತ್ತಿ, ಭುಜ ಇಳಿಬಿಟ್ಟು, ಫೋನನ್ನು ಬಲಗೈಯಲ್ಲೇ ಕಿವಿಗೆ ಹಿಡಿದು ನಿಂತ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವನು ತನ್ನದನ್ನು ಉದ್ದಕ್ಕೆ ಬಿಟ್ಟ.

“ಹೇಳ್ ತಾರಾ,” ಎಂದ. “ನಾ ಕೇಂತೆ.”